ಅಚ್ಚಿನ ಮನೆ ಕಲಿಯೋಕೆ ಸಿಲೋನಿಗೆ

ಶಿಕಾರಿಪುರ

ನಮ್ಮ ಶಿಕಾರಿಪುರದಲ್ಲಿ ಸಮುದ್ರ ದಾಟಿ ಬಂದೋರು ನನಗೆ ಗೊತ್ತಿರೋ ಹಂಗೆ ಇಬ್ರೇ. ಒಬ್ಬ ನಾನು. ಇನ್ನೊಬ್ರು ನಮ್ಮ ಸೋದರಮಾವ ಹುಚ್ರಾಯಪ್ಪ. ಮಾವ ಸಮುದ್ರ ದಾಟೋ ಅಷ್ಟೂ ಹೊತ್ತು ಕಣ್ಣು ಮುಚ್ಕೊಂಡು ಬಕೀಟಿನೊಳಗೆ ತಲೆ ಇಟ್ಕೊಂಡಿದ್ರಿಂದ, ಸಮುದ್ರ ನೋಡಿದೋನು ಅಂತ ಹೇಳ್ಕೊಳ್ಳೋ ಹಕ್ಕು ಇರೋದು ನನಗೊಬ್ಬನಿಗೇ. ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ದಿನಾ ಹೇಳಿ ಹೇಳಿ ಗಂಟ್ಲು ಬಿದ್ದೋಗಿದೆ. ಕೇಳಿದೋರೇ ಮತ್ತೆ ಕೇಳ್ತಾರೆ, ಆಮೇಲೆ ಪ್ರತಿ ಸಲ ಬೇರೆ ಥರ ಹೇಳ್ತೀಯಲ್ಲೋ ಅಂತ ಬೈತಾರೆ. ಅದಕ್ಕೇ ಒಂದೇ ಸಲ ಬರೆದಿಟ್ಟುಬಿಡ್ತೀನಿ. ಇನ್ಮೇಲೆ ಇದೇ ನಿಜ.

ಮಾವ ಗೋಡೆ ಕಟ್ಟೋ ಮೇಸ್ತ್ರಿ. ಕಟ್ಟೋ ಮೇಸ್ತ್ರಿ ಆಗಿದ್ರು ಅನ್ಬೇಕು. ಹೋದ ಮಳೆಗಾಲದಲ್ಲಿ ಊರಾಚೆ ಒಂದು ಸ್ಕೂಲಿಗೆ ಅವರು ಕಟ್ಟಿದ ಗೋಡೆ ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿದೋರ ಥರ ಮೆತ್ತಗೆ ಮಲಗಿಬಿಡ್ತು. ಯಾರಿಗೂ ಏನೂ ಆಗ್ಲಿಲ್ಲ. ಸೋಮವಾರ ಹುಡುಗ್ರೆಲ್ಲ ಸಾಲಾಗಿ ಬಂದು ಮಾವಂಗೆ ನಮಸ್ಕಾರ ಹೇಳಿ ಹೋದ್ವು, ರಜೆ ಸಿಕ್ಕಿತ್ತಲ್ಲ. ಅವತ್ತಿಂದ ಊರಲ್ಲಿ ಒಂದು ಒಲೆ ಕಟ್ಟೋಕೂ ಮಾವನ್ನ ಯಾರೂ ಕರೀಲಿಲ್ಲ. ನಮ್ಮಮ್ಮ ಹೇಳಿಬಿಟ್ಲು, ದೀಪಾವಳಿವರೆಗೂ ನೋಡ್ತೀನಿ, ಆಮೇಲೆ ನಿಮ್ಮ ಭಾವನ ಅಂಗಡೀಲಿ ಕೂತು ಮೆಣಸಿನಕಾಯಿ ತೂಗು ಅಂತ. ಮಾವಂಗೆ ಮೆಣಸಿನಕಾಯಿ ಮೂಟೆ ಕಂಡ್ರೆ ಸೀನು. ಒಂದು ಸಲ ಒಂದು ಸೇರು ಅಳೆದು ಹಾಕೋದ್ರೊಳಗೆ ಮೂವತ್ತೆರಡು ಸೀನು ಸೀನಿದ್ರು, ನಾನೇ ಎಣ್ಸಿದೀನಿ. ಗಿರಾಕಿ ಓಡಿಹೋದ.

ಅಂಥಾ ಹೊತ್ತಿಗೆ ಬಿ.ಡಿ.ಓ. ಸಾಹೇಬ್ರು ಮೇಸ್ತ್ರಿಗಳನ್ನೆಲ್ಲ ಆಫೀಸಿಗೆ ಕರ್ಸಿದ್ರು. ರಾಜ್ಯ ಒಂದಾದ ಮೇಲೆ ಬಂದ ಹೊಸ ಸಾಹೇಬ್ರು, ಮಾತು ಜೋರು.

"ನೋಡ್ರಪ್ಪ, ಮನೆ ಕಟ್ಟೋ ಕಾಲ ಹೋಯ್ತು. ಇನ್ಮೇಲೆ ಮನೆ ತಯಾರು ಮಾಡೋ ಕಾಲ. ಯಂತ್ರದಲ್ಲಿ ಸಿಮೆಂಟಿನ ಅಚ್ಚುಕಲ್ಲು ತೆಗೀಬೇಕು, ಬಾಗ್ಲು ತೆಗೀಬೇಕು, ತೊಲೆ ತೆಗೀಬೇಕು, ತಂದು ಜೋಡಿಸ್ಬೇಕು. ಅಷ್ಟೇ."

ಮಾವ ಹಿಂದಿನ ಸಾಲಿಂದ ಕೇಳಿದ್ರು. "ಮನೆ ಏನು ಶಾವಿಗೆನಾ ಸಾಹೇಬ್ರ, ಒತ್ತಿ ಒತ್ತಿ ತೆಗಿಯಾಕೆ?"

"ನೀವು ಕಟ್ಟಿದ್ದು ಶಾವಿಗೆಗಿಂತ ಗಟ್ಟಿ ಇತ್ತೇನ್ರಿ?"

ಆಫೀಸೆಲ್ಲ ನಕ್ತು. ಮಾವ ರುಮಾಲು ಬಿಚ್ಚಿ ಮತ್ತೆ ಸುತ್ಕೊಂಡ್ರು.

ಸಾಹೇಬ್ರು ಹೇಳಿದ್ದರ ಸಾರ ಇಷ್ಟು. ಸರ್ಕಾರನೇ ಯಂತ್ರ ಕೊಡುತ್ತೆ. ಸಿಮೆಂಟಿಗೆ ಪರ್ಮಿಟ್ಟೂ ಕೊಡುತ್ತೆ. ಕಲಿಯೋಕೆ ಸಿಲೋನಿನ ಕಾರ್ಖಾನೆಗೆ ಕಳ್ಸುತ್ತೆ. ಆದ್ರೆ ಯಂತ್ರ ಒಂದೇ, ತಾಲ್ಲೂಕು ಎರಡು. ಶಿಕಾರಿಪುರದಿಂದ ಒಬ್ಬ, ಸೊರಬದಿಂದ ಒಬ್ಬ ಹೋಗಬೇಕು. ಅಲ್ಲಿ ಪರೀಕ್ಷೆಲಿ ಯಾರು ಮುಂದೋ ಅವರ ತಾಲ್ಲೂಕಿಗೆ ಯಂತ್ರ.

ನಮ್ಮ ತಾಲ್ಲೂಕಿಂದ ಮಾವನೇ ಯಾಕೆ ಅಂತೀರಾ? ಮಿಕ್ಕಿದ ಮೇಸ್ತ್ರಿಗಳಿಗೆಲ್ಲ ಕೆಲಸ ಇತ್ತು. ಬಿಡುವಾಗಿದ್ದ ಮೇಸ್ತ್ರಿ ಇವರೊಬ್ರೇ.

ಇನ್ನು ನಾನು. ಇಂಗ್ಲಿಷ್ ಬರೋ ಗ್ರಾಮಸೇವಕರು ಜೊತೆಗೆ ಹೋಗಬೇಕಿತ್ತು. ಅವರಿಗೆ ಮಂಗನಬಾವು ಬಂದು ಮುಖ ಸಿಹಿಗುಂಬಳ ಆಯ್ತು. ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾಗ ನಾನು ಹೋಗಿ, ಹಸುವಿನ ಮೇಲೆ ನಾವು ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಪ್ರಬಂಧನ ಉಸಿರು ತಗೊಳ್ದೆ ಹೇಳಿದೆ. ಎಷ್ಟು ಜೋರಾಗಿ ಹೇಳಿದೆ ಅಂದ್ರೆ ಅದು ಹಸು ಅಂತ ಅವರಿಗೆ ಗೊತ್ತಾಗೋದ್ರೊಳಗೆ ಬಾಲದ ತುದಿಗೆ ಬಂದಿದ್ದೆ. "ಈ ಹುಡುಗ ಸಾಕು" ಅಂದ್ರು.

ಬಸ್ ಹತ್ತೋವಾಗ ನಮ್ಮಮ್ಮ ಕಿಟಕೀಲಿ ಕೈ ಹಾಕಿ ನನ್ನ ಕಿವಿ ಹಿಡ್ಕೊಂಡು ಹೇಳಿದ್ಲು. "ಚಂದ್ರೂ, ಬಾಯಿ ಬಡ್ಕೋಬೇಡ. ಮಾವಂಗೆ ಆ ಯಂತ್ರ ಸಿಗ್ಲೇಬೇಕು. ಸಿಕ್ರೆ ಅವನು ತಲೆ ಎತ್ಕೊಂಡು ಓಡಾಡ್ತಾನೆ. ಇಲ್ಲ ಅಂದ್ರೆ ಸೀನ್ಕೊಂಡೇ ಸಾಯ್ತಾನೆ."

ರೈಲು

ಸೊರಬದ ಕಡೆಯೋರು ಶಿವಮೊಗ್ಗ ಸ್ಟೇಷನ್ನಲ್ಲಿ ಸಿಕ್ಕಿದ್ರು. ಜಡೆ ಊರಿನ ಗುತ್ಯಪ್ಪ ಮೇಸ್ತ್ರಿ. ಎತ್ತರ ಆಳು, ಮೀಸೆ ಎರಡು ಕಡೆ ಹೊಸ ಪೊರಕೆ ಥರ. ಹೆಗಲ ಮೇಲೆ ಅರ್ಧ ಮೂಟೆ ಕುಸಲಕ್ಕಿ. ಸಿಲೋನಲ್ಲಿ ಅಕ್ಕಿ ಇರುತ್ತೋ ಇಲ್ವೋ ಅಂತ ಅನುಮಾನವಂತೆ.

ಇಬ್ಬರಿಗೂ ಯಂತ್ರ ಬೇಕು. ಹಂಗಾಗಿ ಇಬ್ರೂ ಮಾತಾಡ್ಲಿಲ್ಲ. ಎದುರುಬದುರು ಸೀಟು, ಮೊಣಕಾಲಿಗೆ ಮೊಣಕಾಲು ತಾಗ್ತಿದೆ, ಆದ್ರೂ ಏನಾದ್ರೂ ಬೇಕಿದ್ರೆ ನನ್ನ ಮೂಲಕನೇ ಹೇಳೋರು.

"ತಮ್ಮಾ, ಅವ್ರಿಗೆ ಹೇಳು, ಕಾಲು ಸ್ವಲ್ಪ ಒಳಗೆ ಎಳ್ಕೊಳ್ಳಿ ಅಂತ" ಅಂದ್ರು ಗುತ್ಯಪ್ಪನೋರು.

ನಾನು ಮಾವನ ಕಡೆ ತಿರುಗಿ, ಕನ್ನಡದಿಂದ ಕನ್ನಡಕ್ಕೆ, "ಮಾವ, ನಿಮ್ಮ ಕಾಲು ನೋಡೋಕೆ ಚೆನ್ನಾಗಿದೆ, ಆದ್ರೆ ನಿಮ್ಮ ಹತ್ರನೇ ಇಟ್ಕೊಳ್ಳಿ ಅಂತಾರೆ."

"ಅವ್ರಿಗೆ ಹೇಳು, ರೈಲು ಸೊರಬದ್ದಲ್ಲ, ಸರ್ಕಾರದ್ದು."

"ಗುತ್ಯಪ್ಪನೋರೆ, ಈ ರೈಲನ್ನ ಮಾವನೇ ಕಟ್ಟಿಸಿದ್ದಂತೆ."

"ಹಂಗಾದ್ರೆ ಇಳಿಯಾಣ ಮಾರಾಯ" ಅಂದ್ರು ಅವರು. "ಇವ್ರು ಕಟ್ಟಿದ್ದು ಬೀಳ್ತದೆ ಅಂತ ಜಡೆವರೆಗೂ ಸುದ್ದಿ ಬಂದದೆ."

ಇದನ್ನ ನಾನು ಅನುವಾದ ಮಾಡ್ಲಿಲ್ಲ. ಮಾಡೋ ಅಗತ್ಯನೂ ಇರ್ಲಿಲ್ಲ. ಮಾವ ಕಿಟಕಿ ಕಡೆ ಮುಖ ತಿರುಗ್ಸಿ ಮದ್ರಾಸಿನವರೆಗೂ ವಾಪಸ್ ತಿರುಗ್ಸಲಿಲ್ಲ. ಕತ್ತು ಅದೇ ಕಡೆ ಹಿಡ್ಕೊಂಡು, ಹಡಗು ಹತ್ತೋ ಧನುಷ್ಕೋಟಿವರೆಗೂ ಎಡಗಡೆ ನೋಡ್ಕೊಂಡೇ ಬಂದ್ರು.

ಹಡಗು

ಹಡಗು ಹತ್ತೋ ಮೊದ್ಲು ಒಬ್ಬ ಡಾಕ್ಟರು ನಾಲಿಗೆ ನೋಡಿದ್ರು, ಸಿಡುಬಿನ ಚುಚ್ಚುಮದ್ದಿನ ಕಾಗದ ನೋಡಿದ್ರು, ಆಮೇಲೆ ನಮ್ಮಜ್ಜಿ ಕೊಟ್ಟಿದ್ದ ಮಿಡಿ ಉಪ್ಪಿನಕಾಯಿ ಜಾಡಿ ನೋಡಿ ಹಿಂದೆ ಸರಿದ್ರು. ಇದೇನು ಅಂತ ಇಂಗ್ಲಿಷಲ್ಲಿ ಕೇಳಿದ್ರು. ನನಗೆ ಹಸುವಿನ ಅಂಗಾಂಗ ಬಿಟ್ರೆ ಬೇರೆ ಪದ ಅಷ್ಟಾಗಿ ಹೊಳೀಲಿಲ್ಲ. ಒಂದು ತಿಂದು ತೋರಿಸಿದೆ. ಡಾಕ್ಟರೂ ಒಂದು ತಗೊಂಡ್ರು. ಆಮೇಲೆ ಇನ್ನೊಂದು. ನಮ್ಮ ಹಿಂದೆ ಸಾಲಲ್ಲಿದ್ದೋರೆಲ್ಲ, ಉಪ್ಪಿನಕಾಯಿ ಇದ್ರೆ ಬೇಗ ಬಿಡ್ತಾರೆ ಅಂತ ತಿಳ್ಕೊಂಡು ಗಂಟು ಹುಡುಕೋಕೆ ಶುರುಮಾಡಿದ್ರು.

ಗುತ್ಯಪ್ಪನೋರು ಹಡಗಿನ ಅಂಚಿನ ಕಂಬಿ ಹಿಡ್ಕೊಂಡು ಹೇಳಿದ್ರು. "ಎಂತ ಹೆದರೋದು? ಮಳೆಗಾಲದಲ್ಲಿ ವರದಾ ಹೊಳೆನ ದೋಣೀಲಿ ದಾಟೋನು ನಾನು. ಇದೂ ನೀರೇ ಅಲ್ವಾ."

ಎರಡು ನಿಮಿಷಕ್ಕೆ ಅವರೂ ಮಾವನ ಬಕೀಟಿನ ಇನ್ನೊಂದು ಕಡೆ ಬಂದು ಕೂತ್ರು. ಒಂದೇ ಬಕೀಟು, ಎರಡು ತಾಲ್ಲೂಕು. ಆದ್ರೂ ಮಾತಿಲ್ಲ. ಒಬ್ಬರಾದ ಮೇಲೆ ಒಬ್ರು, ಸರದಿ ತಪ್ಪದ ಹಂಗೆ. ನನಗೆ ಏನೂ ಆಗ್ಲಿಲ್ಲ. ನಾನು ಹಡಗಿನ ಹಿಂಭಾಗಕ್ಕೆ ಹೋಗಿ ಸುಮಾರು ಹೊತ್ತು ಬಗ್ಗಿ ನಿಂತಿದ್ದು ಮೀನು ನೋಡೋಕೆ.

ಕೊಲಂಬೊ

ಕೊಲಂಬೊ ಬಗ್ಗೆ ನೀವೆಲ್ಲ ಏನೇನೋ ಕೇಳಿರ್ತೀರ. ನಾನು ಕಂಡಿದ್ದು ಹೇಳ್ತೀನಿ. ಅಲ್ಲಿ ಗಂಡಸರು ಲುಂಗಿ ಉಟ್ಟು ಅದರ ಮೇಲೆ ಅಗಲದ ಬೆಲ್ಟು ಕಟ್ತಾರೆ. ಮಾವಂಗೆ ಇದು ಬಹಳ ಹಿಡಿಸ್ತು, ಮೇಸ್ತ್ರಿಗಳಿಗೆ ಇದಕ್ಕಿಂತ ಒಳ್ಳೆ ಉಡುಪಿಲ್ಲ ಅಂದ್ರು. ಎಳನೀರು ಅಲ್ಲಿ ಹಸಿರಲ್ಲ, ಕಿತ್ತಳೆ ಬಣ್ಣ. ಮಾವ ಮೂರು ದಿನ ಅದನ್ನ ಮುಟ್ಲಿಲ್ಲ, ಕಾಮಾಲೆ ಬಂದಿರೋ ಎಳನೀರು ಕುಡಿಯಲ್ಲ ಅಂತ.

ಊಟದ್ದೇ ಕಷ್ಟ. ನಾವು ಲಿಂಗ ಕಟ್ಟಿರೋ ಮನೆಯೋರು, ಅಲ್ಲಿ ಕಾಯಿ ಚಟ್ನಿಗೂ ಒಣಮೀನಿನ ಪುಡಿ ಉದುರಿಸ್ತಾರೆ. ಗುತ್ಯಪ್ಪನೋರಿಗೆ ಮಾತ್ರ ಹೆಂಡತಿ ತವರಿಗೆ ಬಂದ ಅಳಿಯನ ಹಂಗಾಯ್ತು, ಎರಡು ಎರಡು ಸಲ ಬಡಿಸ್ಕೊಂಡು, ಮೂಟೆ ಅಕ್ಕಿ ಯಾಕಾದ್ರೂ ಹೊತ್ತು ತಂದೆ ಅಂತ ಮರುಗಿದ್ರು. ಮಾವ ಬಾಳೆಹಣ್ಣು ತಿಂದ್ರು. ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನ ಬಾಳೆಹಣ್ಣು. ನಾಕನೇ ದಿನ ಅದೇ ಕುಸಲಕ್ಕಿ ಮೂಟೆ ಮಾವನ ಕೋಣೆ ಬಾಗ್ಲಲ್ಲಿ ಸುಮ್ನೆ ಬಂದು ಕೂತಿತ್ತು. ಮಾವ ಅವತ್ತು ಗಂಜಿ ಕಾಯಿಸ್ಕೊಂಡು ಕುಡಿದ್ರು.

ಆ ಊರಲ್ಲಿ ಮಹಡಿ ಬಸ್ಸು ಓಡುತ್ತೆ. ಮಾವ ಒಳಗೆ ಹತ್ತಿದೋರು ಕೂರ್ಲಿಲ್ಲ. ಕೆಳಗಿನ ಕಂಬನೆಲ್ಲ ಬೆರಳಲ್ಲಿ ತಟ್ಟಿ ನೋಡಿದ್ರು, ಮೇಲೆ ಹೋಗಿ ನೆಲ ಒದ್ದು ನೋಡಿದ್ರು, ಕೆಳಗೆ ಬಂದು ನನ್ನ ಕಿವೀಲಿ ಹೇಳಿದ್ರು.

"ಚಂದ್ರೂ, ಕಂಡಕ್ಟರನ್ನ ಕೇಳು. ಇದಕ್ಕೆ ಪಾಯ ಎಲ್ಲೈತಿ?"

"ಮಾವ, ಬಸ್ಸಿಗೆ ಗಾಲಿ ಇರುತ್ತೆ."

"ಪಾಯ ಇದ್ದೂ ನನ್ನ ಗೋಡೆ ಬಿತ್ತು. ಪಾಯನೇ ಇಲ್ಲದ್ದರಲ್ಲಿ ನನ್ನ ಕೂರಿಸ್ತೀಯಾ?"

ಇಳಿದುಬಿಟ್ರು. ಕಾರ್ಖಾನೆಗೆ ನಡ್ಕೊಂಡೇ ಹೋದ್ವಿ. ಬಸ್ಸಲ್ಲಿ ಹೋದ ಗುತ್ಯಪ್ಪನೋರು ಮಹಡಿ ಕಿಟಕಿಯಿಂದ ಕೈ ಬೀಸಿದ್ದು ನನಗೋ ಮಾವಂಗೋ ಗೊತ್ತಾಗ್ಲಿಲ್ಲ.

ಕಾರ್ಖಾನೆ

ಕಾರ್ಖಾನೆ ಅಂದ್ರೆ ದೊಡ್ಡ ಕಣ. ಆ ತುದೀಲಿ ಮರಳಿನ ಗುಡ್ಡ, ಈ ತುದೀಲಿ ಕಲ್ಲಿನ ಸಾಲು. ನಡುವೆ ಕೈಯಲ್ಲಿ ಎಳೆಯೋ ಹಿಡಿ ಇರೋ ಯಂತ್ರಗಳು. ಮರಳು ಸಿಮೆಂಟು ತುಂಬಿ ಹಿಡಿ ಎಳೆದ್ರೆ ಧಡ್ ಅಂತ ಒಂದು ಕಲ್ಲು, ನಡುವೆ ಎರಡು ತೂತು. ಮತ್ತೆ ಧಡ್, ಇನ್ನೊಂದು. ಬಾಗ್ಲು ಚೌಕಟ್ಟು, ಅದರ ಮೇಲೆ ಇಡೋ ತೊಲೆ, ಎಲ್ಲಾನೂ ಅಚ್ಚಲ್ಲೇ ಎರಕ ಹೊಯ್ತಾರೆ. ಅಲ್ಲಿನ ಸರ್ಕಾರ ಈ ಕಣ ಮಾಡಿಕೊಟ್ಟಿದೆಯಂತೆ, ಇದ್ರಲ್ಲೇ ಸಾಲು ಸಾಲು ಮನೆ ಎದ್ದಿದ್ದು ನಾನೇ ನೋಡಿದೆ. ಒಂದು ಬೀದೀಲಿ ಎಲ್ಲಾ ಮನೆನೂ ಒಂದೇ ಥರ. ರಾತ್ರಿ ಗಂಡಸರು ಹೆಂಗೆ ತಮ್ತಮ್ಮ ಮನೆ ಕಂಡುಹಿಡೀತಾರೋ ಅಂತ ನಾನು ಕೇಳ್ದೆ. ಹೆಂಡತಿ ಬೈಯೋ ದನಿ ಕೇಳಿ ಅಂದ ಒಬ್ಬ.

ನಮ್ಮ ಮೇಷ್ಟ್ರ ಹೆಸರು ಪೆರೇರಾ. ಗಿಡ್ಡ ಮನುಷ್ಯ, ಬಿಳಿ ಪ್ಯಾಂಟು, ಕುತ್ತಿಗೇಲಿ ಒಂದು ಸೀಟಿ. ಎಲ್ಲಾದಕ್ಕೂ ಸೀಟಿನೇ. ಕಲಸೋಕೆ ಸೀಟಿ, ತುಂಬೋಕೆ ಸೀಟಿ, ಎಳೆಯೋಕೆ ಸೀಟಿ. ಒಂದು ಸಲ ಅವರಿಗೆ ಕೆಮ್ಮು ಬಂದು ಸೀಟಿ ತಾನೇ ಊದ್ಕೊಂಡು, ಇಡೀ ಕಣ ಊಟಕ್ಕೆ ಎದ್ದುಹೋಯ್ತು.

ಮಾವಂಗೆ ಮೊದಲು ಬಂದ ತೊಂದ್ರೆ ಮುಖದ್ದು. ನಮ್ಮ ಕಡೆ ಮೇಸ್ತ್ರಿಗಳು ಕಲ್ಲು ತಗೊಂಡ್ರೆ ಮೊದಲು ಅದರ ಮುಖ ಹುಡುಕ್ತಾರೆ. ಪ್ರತಿ ಕಲ್ಲಿಗೂ ಒಂದು ಒಳ್ಳೆ ಮುಖ ಇರುತ್ತಲ್ಲ, ಅದನ್ನ ಹೊರಗೆ ತಿರುಗ್ಸಿ ಇಡಬೇಕು. ಮಾವ ಅಚ್ಚುಕಲ್ಲನ್ನ ಕೈಯಲ್ಲಿ ತಗೊಂಡು ತಿರುಗಿಸ್ತಾರೆ, ಮತ್ತೆ ತಿರುಗಿಸ್ತಾರೆ, ಬಿಸಿಲಿಗೆ ಹಿಡೀತಾರೆ. ಪೆರೇರಾ ಬಂದು, "ಯಾಕೆ ಇಡ್ತಾ ಇಲ್ಲ?" ಅಂದ್ರು.

"ಮುಖ ಸಿಗ್ತಿಲ್ಲವಂತೆ ಸರ್."

"ಎಲ್ಲಾ ಕಡೆನೂ ಒಂದೇ. ಅದಕ್ಕೇ ಅಲ್ವಾ ಯಂತ್ರ?"

ನಾನು ಹೇಳಿದೆ. ಮಾವ ಕಲ್ಲನ್ನ ಕೆಳಗಿಟ್ರು. "ಮುಖ ಇಲ್ದ ಕಲ್ಲನ್ನ ಯಾವ ಕಡೆ ನೋಡ್ಕೊಂಡು ಮಾತಾಡಿಸ್ಲಿ?" ಅಂದ್ರು. ಪಕ್ಕದ ಸಾಲಲ್ಲಿ ಗುತ್ಯಪ್ಪನೋರೂ ಒಂದು ಕಲ್ಲು ತಿರುಗಿಸ್ತಾ ನಿಂತಿದ್ರು. ಮಾವ ನೋಡಿದ ಕೂಡಲೇ ಥಟ್ ಅಂತ ಇಟ್ಟುಬಿಟ್ರು, ಅವರಿಗೆ ಮುಖ ಸಿಕ್ಕಿದ ಹಂಗೆ.

ಆದ್ರೆ ಒಂದು ವಾರ ಕಳೆಯೋದ್ರೊಳಗೆ ಮಾವಂಗೆ ಆ ಕಲ್ಲಿನ ಹುಚ್ಚು ಹಿಡೀತು. ದಾರ ಕಟ್ಟಿ ಸಾಲು ಇಟ್ರೆ ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಅಭ್ಯಾಸಕ್ಕೆ ಅಂತ ಎದೆಯೆತ್ತರ ಒಂದು ಗೋಡೆ ಕಟ್ಟಿದ್ರು. ದಿನಾ ಬೆಳಿಗ್ಗೆ ಮುಖ ತೊಳೆಯೋಕೂ ಮೊದಲು ಅದರ ಹತ್ರ ಹೋಗಿ ಬರೋರು.

"ಎಲ್ಲಿಗೆ ಹೋಗಿದ್ರಿ ಮಾವ?"

"ಬಿದ್ದಿಲ್ಲ" ಅನ್ನೋರು. ಅಷ್ಟೇ ಉತ್ತರ.

ಶುಕ್ರವಾರ

ಪರೀಕ್ಷೆ ಇಟ್ಟಿದ್ದು ಶುಕ್ರವಾರ. ಇಬ್ರೂ ಅಕ್ಕಪಕ್ಕ ಒಂದೊಂದು ಕೋಣೆ ಆಗ್ಲೇ ಎತ್ತಿದ್ರು, ಬಾಗ್ಲಿಗೆ ಜಾಗ ಬಿಟ್ಟಿದ್ರು. ಬಾಗ್ಲು ನಿಲ್ಲಿಸಿ, ಮೇಲೆ ತೊಲೆ ಕೂರಿಸಬೇಕು. ಹತ್ತೂವರೆಗೆ ಶುರು, ಹನ್ನೆರಡಕ್ಕೆ ಮುಕ್ತಾಯ. ಅಲ್ಲಿನ ಸರ್ಕಾರದ ದೊಡ್ಡ ಇಂಜಿನಿಯರು ಬಂದು ನೋಡಿ ಕಾಗದ ಬರ್ಕೊಡ್ತಾರೆ ಅಂತ ಪೆರೇರಾ ಹೇಳಿದ್ರು. ಹತ್ತೂವರೆ ಆಯ್ತು, ಇಂಜಿನಿಯರು ಬರ್ಲಿಲ್ಲ. ಪೆರೇರಾ ಮಾತ್ರ ಗಡಿಯಾರ ನೋಡಿ ಸೀಟಿ ಊದಿದ್ರು.

ನಾಲ್ಕು ಜನ ಆಳುಗಳು ಬಾಗ್ಲು ಚೌಕಟ್ಟು ಹೊತ್ತು ತಂದ್ರು. ಸಿಮೆಂಟಿಂದು, ಒಂದೇ ತುಂಡು. ನಾವು ಅದನ್ನ ಹತ್ರದಿಂದ ನೋಡಿದ್ದು ಅವತ್ತೇ. ಎಡಗಡೆ ಒಂದು ಕಾಲು, ಬಲಗಡೆ ಒಂದು ಕಾಲು, ಮೇಲೆ ಒಂದು ಅಡ್ಡ. ಮಾವ ಅದರ ಸುತ್ತ ಒಂದು ಸುತ್ತು ಬಂದ್ರು. ಬಗ್ಗಿ ಕೆಳಗೆ ನೋಡಿದ್ರು. ಕರಣಿ ಕೆಳಗಿಟ್ಟು ಕೂತೇಬಿಟ್ರು.

"ಏನಾಯ್ತು ಮಾವ?"

"ಹೊಸ್ಲೆಲ್ಲಿ?"

ನಿಜ, ಹೊಸ್ಲಿಲ್ಲ. ಮೂರೇ ಕಡೆ. ಅಲ್ಲಿನ ಮನೆಗಳಲ್ಲಿ ನೆಲ ಸೀದಾ ಒಳಗೆ ಹೋಗುತ್ತೆ, ದಾಟೋಕೆ ಏನೂ ಇರಲ್ಲ. ಪಕ್ಕದ ಕೋಣೆ ಕಡೆ ನೋಡ್ದೆ. ಗುತ್ಯಪ್ಪನೋರೂ ಕರಣಿ ಕೆಳಗಿಟ್ಟು ಕೂತಿದ್ರು.

ಅವಾಗ ಒಂದು ಆಶ್ಚರ್ಯ ನಡೀತು. ಶಿವಮೊಗ್ಗದಿಂದ ಇಲ್ಲಿವರೆಗೂ ಇಲ್ಲದ್ದು. ಮಾವ ಕತ್ತು ಉದ್ದ ಮಾಡಿ ಸೀದಾ ಅವರನ್ನೇ ಕೇಳಿದ್ರು. "ಏನ್ರೀ, ನಿಮ್ದಕ್ಕೆ ಐತಾ?"

"ಎಲ್ಲದೆ ಮಾರಾಯ್ರೆ. ಅದನ್ನೇ ಹುಡುಕ್ತಾ ಕೂತೆ. ದನದ ಕೊಟ್ಟಿಗೆಗಾದ್ರೂ ಒಂದು ಅಡ್ಡಪಟ್ಟಿ ಇರ್ತದೆ."

"ಹೊಸ್ಲಿಲ್ದೆ ಸೊಸೆ ಹೆಂಗೆ ಒಳಗೆ ಬರ್ತಾಳ್ರಿ?"

"ಅರಿಶಿನ ಎಲ್ಲಿಗೆ ಹಚ್ತಾಳೆ?"

"ಮತ್ತೆ ಇವತ್ತು ಶುಕ್ರವಾರ" ಅಂದ್ರು ಮಾವ, ದನಿ ತಗ್ಗಿಸಿ.

"ಹತ್ತೂವರೆಯಿಂದ ಹನ್ನೆರಡು. ಹೇಳಿ ಮಾಡಿಸಿದ ಹಂಗೆ ರಾಹುಕಾಲ. ಆ ಸೀಟಿಯೋರಿಗೆ ಪಂಚಾಂಗ ಯಾರೂ ತೋರ್ಸಿಲ್ವಾ ಎಂತ?"

ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡೋ ನನ್ನ ಕೆಲಸ ಅಲ್ಲಿಗೆ ಹೋಯ್ತು. ಇಂಗ್ಲಿಷಿನ ಕೆಲಸ ಬಂತು, ಯಾಕಂದ್ರೆ ಪೆರೇರಾ ಓಡಿಬಂದು, ಇಬ್ರೂ ಯಾಕೆ ಕೂತಿದಾರೆ ಅಂತ ಕೇಳಿದ್ರು. ನಿಜ ಹೇಳಿದ್ರೆ ನಗ್ತಾರೆ ಅಂತ ನನಗೆ ಭಯ. ಮುಖ ಗಂಭೀರ ಮಾಡ್ಕೊಂಡು ಹೇಳಿದೆ.

"ನಮ್ಮ ಸರ್ಕಾರದ ಕಾನೂನು ಸರ್. ಹೊಸ್ಲಿಲ್ಲದ ಮನೆಗೆ ಶಾನುಭೋಗರು ಖಾತೆ ಮಾಡ್ಕೊಡಲ್ಲ."

ಪೆರೇರಾ ಪುಸ್ತಕ ತೆಗೆದು ಅದನ್ನ ಬರ್ಕೊಂಡ್ರು. ಆ ಪುಸ್ತಕ ಇನ್ನೂ ಇದ್ರೆ, ನಮ್ಮ ದೇಶದ ಒಂದು ಕಾನೂನು ನಾನು ಮಾಡಿದ್ದು. ಆಮೇಲೆ ಅವರು ಯೋಚ್ನೆ ಮಾಡಿ, ತೊಲೆ ಅಚ್ಚಲ್ಲಿ ಹೊಯ್ದು ಒಣಗಿರೋದು ಒಂದು ಹೆಚ್ಚಿಗೆ ಇದೆ, ಬೇಕಾದ್ರೆ ಅದನ್ನ ಕೆಳಗೆ ಹಾಕ್ಕೊಳ್ಳಿ, ಆದ್ರೆ ಒಂದೇ ಇರೋದು, ಹನ್ನೆರಡಕ್ಕೆ ಸೀಟಿ, ಅಂತ ಹೇಳಿ ಹೋದ್ರು.

ಒಂದೇ ಇದೆ ಅಂದ ಕೂಡಲೇ ನಾನು ಓಡಿಹೋಗಿ ಅದರ ಮೇಲೆ ಕೂತೆ. "ಮಾವ, ಎದ್ದೇಳಿ. ಇದನ್ನ ಹಾಕಿ ನಿಲ್ಲಿಸಿಬಿಡಿ. ಯಂತ್ರ ನಮ್ದು."

ಮಾವ ಏಳ್ಲಿಲ್ಲ.

"ರಾಹುಕಾಲ ಸಿಲೋನಿಗೆ ಅನ್ವಯಿಸಲ್ಲ ಮಾವ. ನಡುವೆ ಸಮುದ್ರ ಇದೆ."

"ಸಮುದ್ರ ರಾಹುಗೆ ಅಡ್ಡ ಏನೋ?"

"ಹಂಗಾದ್ರೆ ಮೆಣಸಿನಕಾಯಿ ಮೂಟೆ ನೆನಪು ಮಾಡ್ಕೊಳ್ಳಿ."

ಮಾವ ನನ್ನ ಮುಖ ನೋಡಿದ್ರು. ಬೈತಾರೆ ಅನ್ಕೊಂಡೆ, ಬೈಲಿಲ್ಲ. "ಚಂದ್ರೂ, ಆ ಸ್ಕೂಲಿನ ಗೋಡೆ ಎತ್ತೋವಾಗ್ಲೂ ಹಿಂಗೇ ಒಬ್ರು ಗಡಿಯಾರ ಹಿಡ್ಕೊಂಡು ನಿಂತಿದ್ರು. ಕಲಸಿದ ಮಣ್ಣು ನಾಕು ದಿನ ಹುಳಿ ಬರಬೇಕು ಅಂದೆ, ಕೇಳ್ಲಿಲ್ಲ. ನಾನೂ ಹೂಂ ಅಂದು ಎತ್ತಿಬಿಟ್ಟೆ. ಬಿದ್ದಿದ್ದು ಮಳೆಗಲ್ಲ, ನನ್ನ ಹೂಂಗೆ. ಇನ್ನೊಂದು ಸಲ ಅವಸರಕ್ಕೆ ಹೂಂ ಅನ್ನಲ್ಲ. ಹೋಗಿ ಎರಡು ಹೂವು ತಗೊಂಡು ಬಾ."

ನಾನು ತೊಲೆ ಮೇಲಿಂದ ಎದ್ದೆ. ಹೂವಿಗೆ ಹೋದೆ.

ಗೇಟಿನ ಹೊರಗೆ ಮರದ ನೆರಳಲ್ಲಿ ಒಂದು ಕಪ್ಪು ಕಾರು ನಿಂತಿತ್ತು. ಹಿಂದಿನ ಸೀಟಲ್ಲಿ ಕೋಟು ಹಾಕಿದ ದಪ್ಪ ಮನುಷ್ಯ ಪೇಪರ್ ಓದ್ತಾ ಕೂತಿದ್ದ. ನನ್ನನ್ನ ಕರೆದು ಟೈಮೆಷ್ಟು ಅಂದ. ಒಳಗಿನ ಗಡಿಯಾರ ನೋಡಿ ಬಂದಿದ್ದೆ, ಹನ್ನೊಂದೂಕಾಲು ಅಂದೆ. "ಇನ್ನೂ ಮುಕ್ಕಾಲು ಗಂಟೆ" ಅಂತ ಗೊಣಗಿ, ಓದಿ ಮುಗಿಸಿದ ಪೇಪರನ್ನೇ ಮೊದಲಿಂದ ಓದೋಕೆ ಶುರುಮಾಡಿದ. ಪಾಪ, ಮನೇಲಿ ಬೈದು ಹೊರಗೆ ಹಾಕಿದಾರೆ ಅನ್ಕೊಂಡೆ. ರಸ್ತೆ ಬದೀಲಿ ಉದುರಿದ್ದ ದೇವಗಣಗಲೆ ಹೂವಲ್ಲಿ ಚೆನ್ನಾಗಿರೋದು ಆರಿಸ್ಕೊಂಡು ವಾಪಸ್ ಬಂದೆ.

ಹನ್ನೆರಡಾಯ್ತು. ಪೆರೇರಾ ಸೀಟಿ ಊದಿದ್ರು. ಎರಡು ಕೋಣೆಗೂ ಬಾಗ್ಲಿಲ್ಲ. ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆನೂ ಒಂದೊಂದು ದೊಡ್ಡ ಗೀಟು ಎಳೆದ್ರು. ಯಂತ್ರ ಶಿಕಾರಿಪುರಕ್ಕೂ ಇಲ್ಲ, ಸೊರಬಕ್ಕೂ ಇಲ್ಲ. ನನ್ನ ಕಣ್ಣ ಮುಂದೆ ಮಾವ ತಕ್ಕಡಿ ಹಿಡ್ಕೊಂಡು ಸೀನ್ತಾ ನಿಂತ ಹಂಗಾಯ್ತು.

ಸೀಟಿ ನಿಂತ ಮೇಲೆ ಮಾವ ಎದ್ರು. ಸೊಂಟದಿಂದ ತೂಗುಗುಂಡು ತೆಗೆದು ತಮ್ಮ ಗೋಡೆಗೆ ಹಿಡಿದ್ರು. ಆಮೇಲೆ ಹೋಗಿ ಗುತ್ಯಪ್ಪನೋರ ಗೋಡೆಗೂ ಹಿಡಿದ್ರು. ದಾರ ಅಲ್ಲಾಡೋದು ನಿಲ್ಲೋವರೆಗೂ ಕಾದ್ರು.

"ನಿಮ್ದು ನೇರ ಐತ್ರಿ. ನಂದು ಒಂದು ನೂಲು ವಾಲೈತಿ. ಹೊಸ್ಲು ನಿಮ್ಮ ಬಾಗ್ಲಿಗೇ ಹಾಕಣ."

ಗುತ್ಯಪ್ಪನೋರು ಆ ದಾರ ಇಸ್ಕೊಂಡು ಮಾವನ ಗೋಡೆಗೆ ತಾವೇ ಹಿಡಿದು ನೋಡಿದ್ರು. "ಒಂದು ನೂಲು ಎಲ್ಲದೆ? ಅರ್ಧ ನೂಲು. ಬನ್ನಿ, ಕೈ ಹಾಕಿ."

ಪೆರೇರಾ ನನ್ನ ಹತ್ರ ಬಂದು, ಪರೀಕ್ಷೆ ಮುಗೀತಲ್ಲ, ಇನ್ನೇನು ಮಾಡ್ತಿದಾರೆ ಅಂದ್ರು. ನಾನು ಮಾವಂಗೆ ಹೇಳ್ದೆ.

"ಪರೀಕ್ಷೆ ಮುಗೀತು, ಸರಿ. ಮನೆ ಮುಗೀಬೇಕಲ್ಲ" ಅಂದ್ರು ಮಾವ.

ಹೆಚ್ಚಿನ ತೊಲೆನ ಕೆಳಗೆ ಮಲಗ್ಸಿ ಹೊಸ್ಲು ಮಾಡಿದ್ರು. ಅದಕ್ಕೆ ನಮ್ಮಜ್ಜಿ ಕಟ್ಟಿಕೊಟ್ಟ ಗಂಟಿನೊಳಗಿದ್ದ ಅರಿಶಿನ, ಮೇಲೆ ಎರಡು ಹೂವು. ಇಬ್ರೂ ಚೌಕಟ್ಟಿಗೆ ಒಂದೊಂದು ಕಡೆ ಹೆಗಲು ಕೊಟ್ರು. ಅಲ್ಲಿನ ಆಳುಗಳು ಯಾರೂ ಊಟಕ್ಕೆ ಹೋಗಿರ್ಲಿಲ್ಲ, ಸುತ್ತ ನಿಂತಿದ್ರು. ಒಬ್ಬ ಮುದುಕ ಗಡಿಯಾರ ನೋಡಿ, ಸರಿ ಅಂತ ತಲೆ ಆಡಿಸಿ, ತಾನೂ ಬಂದು ಕೈ ಹಾಕ್ದ. ಅವಾಗ್ಲೇ ಗೇಟಿಂದ ಆ ಕಪ್ಪು ಕಾರಿನ ದಪ್ಪ ಮನುಷ್ಯ ಕೋಟು ಸರಿಮಾಡ್ಕೊಂಡು ಒಳಗೆ ಬಂದ್ರು. ಪೆರೇರಾ ನೆಟ್ಟಗೆ ನಿಂತ್ರು. ಅವರೇ ದೊಡ್ಡ ಇಂಜಿನಿಯರು.

ಹತ್ತೂವರೆಯಿಂದ ಅವರು ಗೇಟಿನ ಹೊರಗೇ ಕೂತಿದ್ರು, ಒಳ್ಳೆ ಕೆಲಸಕ್ಕೆ ರಾಹುಕಾಲದಲ್ಲಿ ಕಾಲಿಡಬಾರದು ಅಂತ. ಅಲ್ಲೂ ರಾಹುಕಾಲ ಇದೆ ಕಣ್ರೀ, ಕ್ಯಾಲೆಂಡರಲ್ಲೇ ಅಚ್ಚು ಹಾಕಿರ್ತಾರೆ. ಪೆರೇರಾ ಒಬ್ರೇ ಚರ್ಚಿಗೆ ಹೋಗೋ ಜನ, ಅವರಿಗದು ಲೆಕ್ಕಕ್ಕಿಲ್ಲ. ಇಂಜಿನಿಯರು ಬಂದು ಬಾಗ್ಲು ಏಳ್ತಿರೋದು ನೋಡಿದ್ರು, ಹೊಸ್ಲು ನೋಡಿದ್ರು, ಅರಿಶಿನ ನೋಡಿದ್ರು. ಶೂ ಬಿಚ್ಚಿ, ಹೊಸ್ಲು ತುಳೀದೆ ದಾಟಿ ಒಳಗೆ ಹೋಗಿ ಬಂದ್ರು.

"ಸರಿಯಾದ ಹೊತ್ತಿಗೆ ಶುರುಮಾಡಿದಾರೆ" ಅಂದ್ರು ಪೆರೇರಾಗೆ. "ಇಬ್ರೂ ಸೇರಿ ಒಂದೇ ಬಾಗ್ಲು ನಿಲ್ಲಿಸ್ತಿದಾರೆ, ಅದೂ ಚೆನ್ನಾಗಿದೆ. ನೀವೇ ಹೇಳಿಕೊಟ್ರಾ?"

ಪೆರೇರಾ ಪುಸ್ತಕ ಮುಚ್ಚಿ ಬೆನ್ನ ಹಿಂದೆ ಇಟ್ಕೊಂಡ್ರು. "ಹೌದು ಸರ್" ಅಂದ್ರು. ನನಗಿಂತ ಚೆನ್ನಾಗಿ ಸುಳ್ಳು ಹೇಳೋ ಒಬ್ಬ ಮನುಷ್ಯನ್ನ ನಾನು ವಿದೇಶದಲ್ಲಿ ಕಂಡೆ, ಅವತ್ತೇ.

ಕಾಗದ ಬರ್ಕೊಟ್ರು. ಒಂದೇ ಕಾಗದ, ಎರಡು ಹೆಸರು, ಕೆಳಗೆ ಸೀಲು.

ವಾಪಸ್ ಬಂದಮೇಲೆ

ಬರೋವಾಗ ಹಡಗಲ್ಲಿ ಒಂದೇ ಬಕೀಟು, ಆದ್ರೆ ಈ ಸಲ ಇಬ್ರೂ ಮಾತಾಡ್ಕೊಂಡು ಕಕ್ಕಿದ್ರು. ಶಿವಮೊಗ್ಗದವರೆಗೂ ಅದೇನು ಸ್ನೇಹ, ಅದೇನು ಎಲೆಅಡಿಕೆ. ನೇರ ಬಿ.ಡಿ.ಓ. ಆಫೀಸಿಗೆ ಹೋದ್ವಿ. ಸಾಹೇಬ್ರು ಕಾಗದ ಮೇಲಿಂದ ಕೆಳಗೆ ಓದಿದ್ರು, ತಿರುಗ್ಸಿ ಹಿಂದೆನೂ ನೋಡಿದ್ರು.

"ಎರಡು ಹೆಸರಿದೆ. ಇಬ್ಬರಲ್ಲಿ ಮುಂದೆ ಬಂದಿದ್ದು ಯಾರು?"

"ನಾನೇ" ಅಂದ್ರು ಮಾವ.

"ನಾನೇ" ಅಂದ್ರು ಗುತ್ಯಪ್ಪನೋರು, ಅದೇ ಉಸಿರಲ್ಲಿ.

ಎಲೆಅಡಿಕೆ ಸ್ನೇಹ ಅಲ್ಲಿಗೆ ಮುಗೀತು. ಸಾಹೇಬ್ರು ನನ್ನ ಕಡೆ ತಿರುಗಿದ್ರು. "ನೀನು ಹೇಳಪ್ಪ. ನಿಜ ಹೇಳು."

ನಿಜ ಹೇಳು ಅಂತ ನನಗೆ ಯಾರೂ ಅಷ್ಟು ಸ್ಪಷ್ಟವಾಗಿ ಹೇಳಿರ್ಲಿಲ್ಲ, ಗಾಬರಿ ಆಯ್ತು. ಬಾಯಿಗೆ ನಿಜನೇ ಬಂದುಬಿಡ್ತು. "ಬಾಗ್ಲು ನಿಂತಿದ್ದು ಗುತ್ಯಪ್ಪನೋರ ಗೋಡೇಲಿ ಸಾರ್. ಅವರದ್ದೇ ನೇರ ಇತ್ತು. ಹಂಗಂತ ಹೇಳಿದ್ದು ನಮ್ಮ ಮಾವ."

ಮಾವ ನೆಲ ನೋಡಿದ್ರು.

ಸಾಹೇಬ್ರು ಪೆನ್ನಿನ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆದ್ರು. "ಗುತ್ಯಪ್ಪನೋರೆ, ನಿಮ್ಮ ಜಡೇಲಿ ಯಾವ್ದಾದ್ರೂ ಸ್ಕೂಲು ಬಿದ್ದಿದೆಯಾ?"

"ಇಲ್ಲ ಸಾಹೇಬ್ರೆ. ನಾನು ಕಟ್ಟಿದ್ದು ಎಂತಕ್ಕೆ ಬೀಳ್ತದೆ?"

"ಹಂಗಾದ್ರೆ ಬಿದ್ದಿರೋ ಕಡೆ ಮೊದಲು ಯಂತ್ರ ಇಳೀಲಿ. ಆ ಸ್ಕೂಲಿನ ಗೋಡೆ ಎದ್ದ ಮೇಲೆ ಜಡೆಗೆ ಬರುತ್ತೆ. ಹುಚ್ರಾಯಪ್ಪ, ಸ್ವಂತ ಗೋಡೆ ನೇರ ಇಲ್ಲ ಅಂತ ಬಾಯಿ ಬಿಟ್ಟು ಹೇಳಿದ ಮೇಸ್ತ್ರಿನ ನಾನು ಈ ಕೆಲಸಕ್ಕೆ ಬಂದ ಮೇಲೆ ನೋಡಿಲ್ಲ. ಕಟ್ಟಿ. ಗುತ್ಯಪ್ಪನೋರು ಜೊತೆಗಿರ್ಲಿ, ದಾರ ಹಿಡಿಯೋಕೆ."

ಹೊರಗೆ ಬಂದ ಮೇಲೆ ಗುತ್ಯಪ್ಪನೋರು ಮೀಸೆ ತಿರುವಿ ಹೇಳಿದ್ರು. "ಗೋಡೆ ಬೀಳ್ಸಿದ್ರೆ ಯಂತ್ರ ಸಿಗ್ತದೆ ಅಂತ ಗೊತ್ತಿದ್ರೆ ನಾನೂ ಒಂದು ಬೀಳಿಸ್ತಿದ್ದೆ ಮಾರಾಯ್ರೆ."

"ಕಲ್ತ್ಕೊಳ್ಳಾಕೆ ನಮ್ಮೂರಿಗೇ ಬರಬೇಕಿತ್ತು ನೀವು" ಅಂದ್ರು ಮಾವ.

ಯಂತ್ರ ಲಾರೀಲಿ ಬಂತು. ಸಿಮೆಂಟು ಪರ್ಮಿಟ್ಟಲ್ಲಿ ಬಂತು, ತಡವಾಗಿ. ಗೋಡೆ ಏಳ್ತಾ ಬಂತು. ಹೆಡ್‌ಮಾಸ್ಟರು ಬೇಗ ಬೇಗ ಅಂದ್ರು, ಮಾವ ಕಲ್ಲಿಗೆ ನೀರು ಹಾಕ್ತಾ ದಿನ ತಳ್ಳಿದ್ರು, ಹೂಂ ಅನ್ಲೇ ಇಲ್ಲ.

ಮುಗಿದ ದಿನ ಅರ್ಧ ಊರು ಬಂತು. ತೂತಿನ ಕಲ್ಲು, ಅದೂ ಹುಚ್ರಾಯಪ್ಪನ ಕೈಯಿಂದು, ನಿಲ್ಲುತ್ತಾ ಅಂತ ಎಲ್ಲರಿಗೂ ಕುತೂಹಲ. ಈಸೂರಿಂದ ಬಂದಿದ್ದ ಇಬ್ರು ಗಟ್ಟಿ ಆಳುಗಳು ಮೊದಲು ಬೆರಳಲ್ಲಿ ತಟ್ಟಿದ್ರು, ಆಮೇಲೆ ಅಂಗೈ ಇಟ್ಟು ತಳ್ಳಿದ್ರು. ಅದನ್ನ ನೋಡಿ ಇನ್ನಷ್ಟು ಜನ ಬಂದು ಹೆಗಲು ಕೊಟ್ಟು ನೂಕಿದ್ರು. ನಮ್ಮಪ್ಪನೂ ಅಂಗಡಿ ಬಿಟ್ಟು ಬಂದು ಒಂದು ಸಲ ನೂಕಿದ್ರು, ಪಂಚೆ ಎತ್ತಿಕಟ್ಕೊಂಡು. ಮಾವ ಎಲ್ಲಿ, ಮಾವನ್ನ ಕರೀರಿ ಅಂತ ಯಾರೋ ಅಂದ್ರು. ನಾನು ಗೋಡೆ ಸುತ್ತಿ ಆ ಕಡೆ ಹೋದೆ.

ಆ ಕಡೆ ನೆರಳಿತ್ತು. ಮಾವ ಅದೇ ಗೋಡೆಗೆ ಬೆನ್ನು ಕೊಟ್ಟು, ರುಮಾಲು ಕಣ್ಣ ಮೇಲೆ ಎಳ್ಕೊಂಡು, ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ರು. ಈ ಕಡೆಯಿಂದ ಹತ್ತು ಜನ ನೂಕ್ತಾ ಇದ್ರು.